ಮೆಡಿಕೇರ್ ಸೈಕಿಯಾಟ್ರಿ ಕ್ಲೇಮ್: ಎಷ್ಟು ಹಣ ಬರಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ಬೆಂಗಳೂರು, ಮೈಸೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ನೋಡುವವರು ಮತ್ತೆ ಮತ್ತೆ ಎಡವುವ ಜಾಗ ಇದು. ಸಾಮಾನ್ಯ ವಾರ್ಡಿನ ಕ್ಲೇಮ್ ಆದರೆ ಕಣ್ಣುಮುಚ್ಚಿ ಲೆಕ್ಕ ಹೇಳುತ್ತಾರೆ. ಸೈಕಿಯಾಟ್ರಿ ಅಡ್ಮಿಷನ್ ಬಂದರೆ ಮಾತ್ರ ಲೆಕ್ಕ ತಾಳೆಯಾಗುವುದಿಲ್ಲ. ಹಣ ಕಡಿಮೆ ಬಂತು ಎಂದು ಅಪೀಲ್ ಹಾಕಿರುತ್ತಾರೆ, ನೋಡಿದರೆ ಬಂದದ್ದು ಸರಿಯಾಗೇ ಇರುತ್ತದೆ. ನಿಜಕ್ಕೂ ಕಡಿಮೆ ಬಂದ ಕ್ಲೇಮನ್ನು ಸುಮ್ನೆ ಕ್ಲೋಸ್ ಮಾಡಿರುತ್ತಾರೆ.

ಮೆಡಿಕೇರ್ ಎಂದರೆ 65 ದಾಟಿದವರಿಗೆ ಮತ್ತು ಅಂಗವೈಕಲ್ಯ ಇರುವ ಕೆಲವರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ. ಸಾಮಾನ್ಯ ವಾರ್ಡಿಗೆ ಅದು ಗುತ್ತಿಗೆ ಲೆಕ್ಕದಲ್ಲಿ ಹಣ ಕೊಡುತ್ತದೆ: ಕಾಯಿಲೆ ಇದು, ಒಟ್ಟು ಹಣ ಇಷ್ಟು, ಮುಗೀತು. ಸೈಕಿಯಾಟ್ರಿಗೆ ದಿನಗೂಲಿ ಲೆಕ್ಕ. ಅದರಲ್ಲೂ ಮೊದಲ ದಿನದ ಕೂಲಿ ಜಾಸ್ತಿ, ದಿನ ಕಳೆದಂತೆ ಇಳಿಯುತ್ತದೆ. ಈ ವ್ಯತ್ಯಾಸ ಮರೆತು ಡಿಆರ್‌ಜಿ (ಕಾಯಿಲೆಯ ಗುಂಪಿಗೆ ಕೊಡುವ ನಂಬರ್) ನೋಡಿ ಒಂದೇ ಮೊತ್ತ ಬರೆದುಕೊಂಡರೆ ಅಲ್ಲಿಂದ ಮುಂದಿನದೆಲ್ಲ ತಪ್ಪು.

ಕೆಳಗಿನ ದರಗಳು 2025ರ ಹಣಕಾಸು ವರ್ಷದವು. ಅಂದರೆ 2024ರ ಅಕ್ಟೋಬರ್ 1ರಿಂದ 2025ರ ಸೆಪ್ಟೆಂಬರ್ 30ರೊಳಗೆ ಡಿಸ್ಚಾರ್ಜ್ ಆದವರಿಗೆ. ದರ ಪ್ರತಿ ವರ್ಷ ಬದಲಾಗುತ್ತದೆ, ಕ್ರಮ ಹೆಚ್ಚುಕಡಿಮೆ ಇದೇ.

## ಮೊದಲು ಕೈಗೆ ಬೇಕಾದವು

ಮೆಡಿಕೇರ್ ನಡೆಸುವ ಸಿಎಂಎಸ್ ಸಂಸ್ಥೆ ಪ್ರತಿ ವರ್ಷ ಸೈಕಿಯಾಟ್ರಿ ದರಗಳ ಪಟ್ಟಿ ಹೊರಡಿಸುತ್ತದೆ. ಆ ವರ್ಷದ ಪಟ್ಟಿ, ಜೊತೆಗೆ ಸೈಕಿಯಾಟ್ರಿಗೇ ಬೇರೆಯಾಗಿ ಕೊಟ್ಟಿರುವ ವೇಜ್ ಇಂಡೆಕ್ಸ್ (ಆಯಾ ಊರಿನ ಸಂಬಳ ಮಟ್ಟದ ಸೂಚ್ಯಂಕ) ಟೇಬಲ್ ಇಳಿಸಿಕೊಳ್ಳಿ. ಕ್ಲೇಮಿನ ಪ್ರತಿ, ರೆಮಿಟ್ (ಎಷ್ಟು ಹಣ ಬಂತು, ಎಷ್ಟು ಕಡಿತ ಎಂದು ತಿಳಿಸುವ ಪತ್ರ), ಅರ್ಹತೆ ಪರಿಶೀಲನೆಯ ಉತ್ತರ ಎದುರಿಗಿರಲಿ. ಸಿಎಂಎಸ್‌ನ ವೆಬ್ ಪ್ರೈಸರ್ (ಬರಬೇಕಾದ ಹಣ ಲೆಕ್ಕ ಹಾಕಿಕೊಡುವ ಆನ್‌ಲೈನ್ ಸಾಧನ) ಉಚಿತ, ಅದನ್ನೂ ತೆರೆದಿಡಿ. ಆದರೆ ಅದರಿಂದಲೇ ಶುರು ಮಾಡಬೇಡಿ. ತಪ್ಪು ಮಾಹಿತಿ ಹಾಕಿದರೆ ಪ್ರೈಸರ್ ಅಚ್ಚುಕಟ್ಟಾಗಿ ತಪ್ಪು ಉತ್ತರ ಕೊಡುತ್ತದೆ. ಮೊದಲು ಕೈಲೆಕ್ಕ, ಆಮೇಲೆ ಅದಕ್ಕೆ ಹೋಲಿಸಿ.

ಇನ್ನೊಂದು ಮಾತು. ಅನುಮಾನ ಬಂದಾಗ ಕ್ಲೇಮಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಅಭ್ಯಾಸ ಬಿಡಿ. ಮಾನಸಿಕ ಚಿಕಿತ್ಸೆಯ ದಾಖಲೆ ಅದು. ಹೆಸರು ಮಸುಕು ಮಾಡಿದರೂ ಕ್ಲೇಮ್ ನಂಬರ್ ಸಾಕು ಕೆಲಸ ಹೋಗೋಕೆ.

## ಹಂತ 1: ಇದು ನಿಜವಾಗಿ ಸೈಕಿಯಾಟ್ರಿ ಕ್ಲೇಮೇ?

ರೋಗನಿರ್ಣಯ ನೋಡಿ ತೀರ್ಮಾನಿಸಬೇಡಿ, ಹಾಸಿಗೆ ನೋಡಿ. ಖಿನ್ನತೆ ಎಂದು ದಾಖಲಾದವರನ್ನು ಸಾಮಾನ್ಯ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಮಲಗಿಸಿದ್ದರೆ ಅದು ಸಾಮಾನ್ಯ ಡಿಆರ್‌ಜಿ ಕ್ಲೇಮ್. ದಿನಗೂಲಿ ಲೆಕ್ಕ ಅನ್ವಯಿಸುವುದು ಎರಡು ಕಡೆ: ಪೂರ್ತಿ ಮಾನಸಿಕ ಆಸ್ಪತ್ರೆ, ಇಲ್ಲವೇ ಸಾಮಾನ್ಯ ಆಸ್ಪತ್ರೆಯೊಳಗೆ ಮಾನ್ಯತೆ ಪಡೆದ ಪ್ರತ್ಯೇಕ ಸೈಕಿಯಾಟ್ರಿ ಘಟಕ.

ಇದನ್ನು ಆರು ಸ್ಥಾನಗಳ ಪ್ರೊವೈಡರ್ ನಂಬರಿನಲ್ಲೇ ಕಾಣಬಹುದು. ಕೊನೆಯ ನಾಲ್ಕು ಅಂಕಿ 4000ರಿಂದ 4499ರೊಳಗಿದ್ದರೆ ಮಾನಸಿಕ ಆಸ್ಪತ್ರೆ. ಮೂರನೇ ಸ್ಥಾನದಲ್ಲಿ 'ಎಸ್' ಅಕ್ಷರ ಇದ್ದರೆ ಸಾಮಾನ್ಯ ಆಸ್ಪತ್ರೆಯ ಸೈಕಿಯಾಟ್ರಿ ಘಟಕ. 'ಎಂ' ಇದ್ದರೆ ಕ್ರಿಟಿಕಲ್ ಆಕ್ಸೆಸ್ ಎನ್ನುವ ಸಣ್ಣ ಆಸ್ಪತ್ರೆಯ ಘಟಕ.

ಎಚ್ಚರಿಕೆ ಚಿಹ್ನೆ: ಘಟಕದಲ್ಲಿದ್ದ ರೋಗಿಯ ಕ್ಲೇಮ್ ಆಸ್ಪತ್ರೆಯ ಮೂಲ ನಂಬರಿನಲ್ಲಿ ಹೋಗಿದ್ದರೆ ಹಣ ಬಂದೇ ಬರುತ್ತದೆ, ಆದರೆ ಬೇರೆ ಲೆಕ್ಕದಲ್ಲಿ. ಕ್ಲೇಮ್ ತಿರಸ್ಕಾರ ಆಗದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

## ಹಂತ 2: ರೋಗಿಯ ಬಳಿ ದಿನ ಉಳಿದಿದೆಯೇ?

ಪೂರ್ತಿ ಮಾನಸಿಕ ಆಸ್ಪತ್ರೆಯಲ್ಲಿ ಮೆಡಿಕೇರ್ ಒಬ್ಬರಿಗೆ ಜೀವಮಾನದಲ್ಲಿ 190 ದಿನ ಮಾತ್ರ ಕೊಡುತ್ತದೆ. ಅದು ಹೊಸ ವರ್ಷಕ್ಕೆ ಮತ್ತೆ ತುಂಬಿಕೊಳ್ಳುವುದಿಲ್ಲ. ಆದರೆ ಸಾಮಾನ್ಯ ಆಸ್ಪತ್ರೆಯ ಸೈಕಿಯಾಟ್ರಿ ಘಟಕಕ್ಕೆ ಈ ಮಿತಿ ಇಲ್ಲ. ಇದು ಗೊತ್ತಿಲ್ಲದೆ ಘಟಕದ ಕ್ಲೇಮಿಗೂ 190 ದಿನದಿಂದ ದಿನ ಕಳೆಯುತ್ತಾ ಕೂರುವವರು ಬಹಳ.

ಉಳಿದ ದಿನಗಳ ಸಂಖ್ಯೆ ಅರ್ಹತೆ ಪರಿಶೀಲನೆಯ ಉತ್ತರದಲ್ಲೇ ಬರುತ್ತದೆ. ಅಡ್ಮಿಷನ್ ದಿನವೇ ನೋಡಿ. ರೆಮಿಟ್‌ನಲ್ಲಿ 119ನೇ ಕೋಡ್, ಅಂದರೆ ಸೌಲಭ್ಯದ ಮಿತಿ ಮುಗಿದಿದೆ ಎಂಬ ಉತ್ತರ ಬಂದ ಮೇಲೆ ನೋಡಿದರೆ ಪ್ರಯೋಜನವಿಲ್ಲ.

ಅದೇ ಪುಟದಲ್ಲಿ ರೋಗಿ ಮೆಡಿಕೇರ್ ಅಡ್ವಾಂಟೇಜ್ ಯೋಜನೆಯಲ್ಲಿದ್ದಾರೆಯೇ ನೋಡಿ. ಇದ್ದರೆ ಹಣ ಕೊಡುವುದು ಖಾಸಗಿ ವಿಮಾ ಕಂಪನಿ, ದರ ಆಸ್ಪತ್ರೆಯ ಜೊತೆಗಿನ ಒಪ್ಪಂದದ್ದು. ಮುಂದಿನ ಹಂತಗಳು ಆ ಕ್ಲೇಮಿಗೆ ನೇರವಾಗಿ ಹೊಂದುವುದಿಲ್ಲ. ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಕೂಡ ಬೇರೆ. 16ಕ್ಕಿಂತ ಜಾಸ್ತಿ ಹಾಸಿಗೆಯ ಮಾನಸಿಕ ಆಸ್ಪತ್ರೆಯಲ್ಲಿರುವ 21ರಿಂದ 64ರ ವಯಸ್ಸಿನವರಿಗೆ ಅದು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆ ನಿಯಮವನ್ನು ತಂದು ಮೆಡಿಕೇರ್ ಕ್ಲೇಮಿಗೆ ಅಂಟಿಸಬೇಡಿ.

## ಹಂತ 3: ದಿನ ಎಣಿಸುವುದು

ತಪ್ಪು ಜಾಸ್ತಿ ಆಗುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ನೋಡೋಣ.

ರಾತ್ರಿ 12 ಗಂಟೆಗೆ ಹಾಸಿಗೆಯಲ್ಲಿದ್ದ ದಿನಗಳನ್ನಷ್ಟೇ ಎಣಿಸಬೇಕು. ಅಡ್ಮಿಷನ್ ದಿನ ಲೆಕ್ಕಕ್ಕೆ ಬರುತ್ತದೆ, ಡಿಸ್ಚಾರ್ಜ್ ದಿನ ಬರುವುದಿಲ್ಲ. ಮಾರ್ಚ್ 3ಕ್ಕೆ ಬಂದು 9ಕ್ಕೆ ಹೋದವರಿಗೆ 6 ದಿನ, 7 ಅಲ್ಲ. ನಡುವೆ ರಜೆಯ ಮೇಲೆ ಮನೆಗೆ ಹೋಗಿ ಅಲ್ಲೇ ಉಳಿದ ರಾತ್ರಿಗಳನ್ನೂ ಬಿಡಬೇಕು.

ಈಗ ಕಷ್ಟದ ಭಾಗ. ಡಿಸ್ಚಾರ್ಜ್ ಆದ ರೋಗಿ ಮೂರನೇ ದಿನದ ಮಧ್ಯರಾತ್ರಿಯೊಳಗೆ ಅದೇ ಆಸ್ಪತ್ರೆಗೋ ಇನ್ನೊಂದು ಸೈಕಿಯಾಟ್ರಿ ಆಸ್ಪತ್ರೆಗೋ ಮತ್ತೆ ಸೇರಿದರೆ, ಮೆಡಿಕೇರ್ ಅದನ್ನು ಹೊಸ ಅಡ್ಮಿಷನ್ ಎಂದು ಒಪ್ಪುವುದಿಲ್ಲ. ಹಳೆಯ ಎಣಿಕೆಯೇ ಮುಂದುವರಿಯುತ್ತದೆ. ಮೊದಲ ಸಲ 6 ದಿನ ಇದ್ದವರು ವಾಪಸ್ ಬಂದ ದಿನ ಅವರ 7ನೇ ದಿನ. ಮೊದಲ ದಿನದ ಜಾಸ್ತಿ ದರ ಮತ್ತೆ ಸಿಗುವುದಿಲ್ಲ. ನಿಯಮ ಯಾಕೆ ಹೀಗಿದೆ ಎಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಇಲ್ಲದಿದ್ದರೆ ಎರಡು ದಿನಕ್ಕೊಮ್ಮೆ ಡಿಸ್ಚಾರ್ಜ್ ಬರೆದು ಮತ್ತೆ ಸೇರಿಸಿಕೊಳ್ಳುವ ಆಟ ನಡೆಯುತ್ತಿತ್ತು.

ಅದೇ ಆಸ್ಪತ್ರೆಗೆ ಮರಳಿದ್ದರೆ ಎರಡನ್ನೂ ಒಂದೇ ಕ್ಲೇಮಿನಲ್ಲಿ ಸೇರಿಸಿ, ಹೊರಗಿದ್ದ ದಿನಗಳನ್ನು ಆಕರೆನ್ಸ್ ಸ್ಪ್ಯಾನ್ ಕೋಡ್ (ದಿನಾಂಕಗಳ ಅವಧಿ ತೋರಿಸುವ ಕೋಡ್) 74ರಲ್ಲಿ ತೋರಿಸಬೇಕು. ಎರಡು ಕ್ಲೇಮ್ ಹಾಕಿದರೆ ಎರಡನೆಯದು ಸಿಕ್ಕಿಹಾಕಿಕೊಳ್ಳುತ್ತದೆ.

ಅಡ್ಮಿಷನ್‌ಗೆ ಮುಂಚೆ ಅದೇ ಆಸ್ಪತ್ರೆ ಮಾಡಿದ ಹೊರರೋಗಿ ಪರೀಕ್ಷೆಗಳನ್ನೂ ಗಮನಿಸಿ. ಸಾಮಾನ್ಯ ಆಸ್ಪತ್ರೆಯಲ್ಲಿ ಹಿಂದಿನ ಮೂರು ದಿನದ್ದು ಒಳರೋಗಿ ಬಿಲ್ಲಿಗೆ ಸೇರುತ್ತದೆ. ಸೈಕಿಯಾಟ್ರಿಗೆ ಹಿಂದಿನ ಒಂದೇ ದಿನ.

## ಹಂತ 4: ಮೂಲ ದರವನ್ನು ಊರಿಗೆ ಹೊಂದಿಸುವುದು

2025ರ ಹಣಕಾಸು ವರ್ಷದ ಮೂಲ ದರ ದಿನಕ್ಕೆ 876.53 ಡಾಲರ್. ಇದರಲ್ಲಿ 78.8% ಕೂಲಿ-ಸಂಬಳದ ಪಾಲು. ಆ ಪಾಲನ್ನು ಮಾತ್ರ ಆಯಾ ಊರಿನ ವೇಜ್ ಇಂಡೆಕ್ಸ್‌ನಿಂದ ಗುಣಿಸಬೇಕು. ಪೂರ್ತಿ ದರವನ್ನು ಗುಣಿಸಿಬಿಡುವುದು ಹೊಸಬರ ಮಾಮೂಲಿ ತಪ್ಪು.

ವೇಜ್ ಇಂಡೆಕ್ಸ್ 0.90 ಇರುವ ಊರು ಎಂದಿಟ್ಟುಕೊಳ್ಳಿ. 876.53ರ 78.8% ಅಂದರೆ 690.71. ಅದಕ್ಕೆ 0.90 ಗುಣಿಸಿದರೆ 621.64. ಮುಟ್ಟದೆ ಬಿಟ್ಟ 185.82 ಸೇರಿಸಿ. ಸಿಕ್ಕಿದ್ದು 807.46 ಡಾಲರ್. ಅಲಾಸ್ಕಾ, ಹವಾಯಿಯ ಆಸ್ಪತ್ರೆಯಾದರೆ ಈ 185.82ರ ಭಾಗಕ್ಕೂ ಬೇರೊಂದು ಗುಣಕ ಇದೆ.

ವೇಜ್ ಇಂಡೆಕ್ಸ್ ಎಲ್ಲಿಂದ ತೆಗೆದಿರಿ ಎಂಬುದೂ ಮುಖ್ಯ. ಸಾಮಾನ್ಯ ಆಸ್ಪತ್ರೆಗಳು ಅರ್ಜಿ ಹಾಕಿ ಪಕ್ಕದ ದುಬಾರಿ ಊರಿನ ಇಂಡೆಕ್ಸ್ ಪಡೆಯಬಹುದು. ಸೈಕಿಯಾಟ್ರಿಗೆ ಆ ಸೌಲಭ್ಯ ಇಲ್ಲ. ಒಂದೇ ಕಟ್ಟಡ, ಒಂದೇ ವಿಳಾಸ ಇದ್ದರೂ ಮೂರನೇ ಮಹಡಿಯ ಸೈಕಿಯಾಟ್ರಿ ಘಟಕದ ಇಂಡೆಕ್ಸ್ ಬೇರೆ ಇರಬಹುದು. ಎರಡನೇ ಮಹಡಿಯ ಇಂಡೆಕ್ಸ್ ತಂದು ಹಾಕಿದರೆ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ.

ಗ್ರಾಮೀಣ ಪ್ರದೇಶದ ಆಸ್ಪತ್ರೆಗೆ 2025ರಲ್ಲಿ 1.17 ಗುಣಕ. ಎಳೆಯ ವೈದ್ಯರಿಗೆ ತರಬೇತಿ ಕೊಡುವ ಆಸ್ಪತ್ರೆಗೆ ಬೇರೊಂದು: ರೆಸಿಡೆಂಟ್ ವೈದ್ಯರ ಸಂಖ್ಯೆಯನ್ನು ಸರಾಸರಿ ದಿನದ ರೋಗಿಗಳ ಸಂಖ್ಯೆಯಿಂದ ಭಾಗಿಸಿ, 1 ಕೂಡಿಸಿ, 0.5150 ಘಾತಕ್ಕೆ ಏರಿಸಬೇಕು. 2026ರ ಹಣಕಾಸು ವರ್ಷಕ್ಕೆ ಈ ಎರಡೂ ಹೆಚ್ಚಾಗಿವೆ. ಹಳೆಯ ಎಕ್ಸೆಲ್ ಹಾಳೆಯಲ್ಲಿ ಮೂಲ ದರ ಮಾತ್ರ ಬದಲಿಸಿ ಮುಂದುವರಿಸಿದವರು ಸಿಕ್ಕಿಬೀಳುವುದು ಇಲ್ಲೇ.

ಗುಣಮಟ್ಟದ ವರದಿ ಸಲ್ಲಿಸದ ಆಸ್ಪತ್ರೆಗೆ ಆ ವರ್ಷದ ದರ ಏರಿಕೆಯಲ್ಲಿ 2 ಶೇಕಡಾ ಅಂಶ ಕಡಿತ. ಅಂಥ ಆಸ್ಪತ್ರೆಗೆ ಮೂಲ ದರವೇ ಕಡಿಮೆ. ಒಂದು ಆಸ್ಪತ್ರೆಯ ಎಲ್ಲ ಕ್ಲೇಮೂ ಒಂದೇ ಪ್ರಮಾಣದಲ್ಲಿ ಕಡಿಮೆ ಬರುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ.

## ಹಂತ 5: ರೋಗಿಯ ಗುಣಕಗಳು

ಇಲ್ಲಿ ಮೂರು ಗುಣಕ ಬರುತ್ತವೆ.

ಮೊದಲನೆಯದು ಡಿಆರ್‌ಜಿ. ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆಯ ಬಹುಪಾಲು ಕ್ಲೇಮುಗಳು ಬೀಳುವುದು ಡಿಆರ್‌ಜಿ 885ಕ್ಕೆ. ಅದರ ಗುಣಕ 1.00, ಅಂದರೆ ಬದಲಾವಣೆ ಇಲ್ಲ. ಸಾಮಾನ್ಯ ಆಸ್ಪತ್ರೆಯ ಪಟ್ಟಿಯಲ್ಲಿರುವ 885ರ ತೂಕವನ್ನು ಇಲ್ಲಿ ತಂದು ಹಾಕಬೇಡಿ. ಡಿಆರ್‌ಜಿ ನಂಬರ್ ಒಂದೇ ಆದರೂ ಟೇಬಲ್ ಬೇರೆ.

ಎರಡನೆಯದು ವಯಸ್ಸು. 45ರ ಒಳಗಿನವರಿಗೆ 1.00, ವಯಸ್ಸು ಏರಿದಂತೆ ಜಾಸ್ತಿ.

ಮೂರನೆಯದು ಜೊತೆಗಿರುವ ದೈಹಿಕ ಕಾಯಿಲೆ. ಸಿಎಂಎಸ್ ಇವನ್ನು ವರ್ಗಗಳಾಗಿ ಕಟ್ಟಿದೆ. ಒಂದೇ ವರ್ಗದ ಎರಡು ಕೋಡ್ ಇದ್ದರೂ ಒಂದೇ ಸಲ ಲೆಕ್ಕ. ಬೇರೆ ಬೇರೆ ವರ್ಗ ಆದರೆ ಪ್ರತಿಯೊಂದಕ್ಕೂ ಗುಣಕ ಇದೆ. ವೈದ್ಯರು ಟಿಪ್ಪಣಿಯಲ್ಲಿ ಬರೆದು ಚಿಕಿತ್ಸೆ ಕೊಟ್ಟಿದ್ದರೂ ಕೋಡಿಂಗ್‌ನಲ್ಲಿ ಬಿಟ್ಟುಹೋಗುವ ಕಾಯಿಲೆಗಳಿಂದ ಆಸ್ಪತ್ರೆ ಕಳೆದುಕೊಳ್ಳುವ ಹಣ ಜಾಸ್ತಿ. ಹಣ ಕಡಿಮೆ ಎಂದು ದೂರುವ ಮುಂಚೆ ಚಾರ್ಟ್ ಓದಿ.

ಮುಖ್ಯ ನಿಯಮ: ಗುಣಕಗಳನ್ನು ಕೂಡಿಸುವುದಲ್ಲ, ಗುಣಿಸುವುದು. ವಯಸ್ಸಿಗೆ 1.10, ಕಾಯಿಲೆಗೆ 1.05 ಎಂದಿಟ್ಟುಕೊಳ್ಳೋಣ. (ಈ ಎರಡು ನಾನು ಉದಾಹರಣೆಗೆ ಹಾಕಿದ ದುಂಡು ಸಂಖ್ಯೆಗಳು, ಟೇಬಲಿನವಲ್ಲ.) ಉತ್ತರ 1.155, 1.15 ಅಲ್ಲ. 807.46ಕ್ಕೆ 1.155 ಗುಣಿಸಿದರೆ 932.62 ಡಾಲರ್.

## ಹಂತ 6: ದಿನದ ಗುಣಕ

ಈಗ 932.62ಕ್ಕೆ ಪ್ರತಿ ದಿನದ ಗುಣಕ ಹಾಕಬೇಕು. ಮತ್ತೆ ಉದಾಹರಣೆಗೆ ಮಾತ್ರ, ಆರು ದಿನದ ಗುಣಕ 1.30, 1.20, 1.15, 1.10, 1.08, 1.05 ಎಂದಿರಲಿ. ಒಂದೊಂದು ದಿನಕ್ಕೂ ಗುಣಿಸಿ ಕೂಡಿಸುವ ಬದಲು ಗುಣಕಗಳನ್ನೇ ಮೊದಲು ಕೂಡಿಸಿ: 6.88. ಅದರಿಂದ 932.62 ಗುಣಿಸಿದರೆ 6,416.43 ಡಾಲರ್. ಇಲ್ಲಿ ಕೂಡಿಸಬಹುದು, ಯಾಕೆಂದರೆ ಇವು ಬೇರೆ ಬೇರೆ ದಿನದವು. ಹಿಂದಿನ ಹಂತದ ಗುಣಕಗಳು ಒಂದೇ ದಿನದ ದರದ ಮೇಲೆ ಒಂದರ ಮೇಲೊಂದು ಕೂರುವಂಥವು.

ಮೊದಲ ದಿನದ ಗುಣಕ ಎರಡು ಥರ. ಪೂರ್ಣ ಪ್ರಮಾಣದ ಎಮರ್ಜೆನ್ಸಿ ವಿಭಾಗ ಇರುವ ಆಸ್ಪತ್ರೆಗೆ ಜಾಸ್ತಿ, ಇಲ್ಲದಿದ್ದರೆ ಕಡಿಮೆ. ರೋಗಿ ಎಮರ್ಜೆನ್ಸಿ ಮೂಲಕವೇ ಬಂದಿರಬೇಕು ಎಂದೇನಿಲ್ಲ. ವಿಭಾಗ ಇದ್ದರೆ ಎಲ್ಲರಿಗೂ ಆ ದರ.

ಒಂದು ವಿನಾಯಿತಿ ಇದೆ. ಅದೇ ಆಸ್ಪತ್ರೆಯ ಸಾಮಾನ್ಯ ವಾರ್ಡಿನಿಂದ ಡಿಸ್ಚಾರ್ಜ್ ಮಾಡಿ ಸೈಕಿಯಾಟ್ರಿ ಘಟಕಕ್ಕೆ ಸೇರಿಸಿದ್ದರೆ ಕಡಿಮೆ ದರ. ಎಮರ್ಜೆನ್ಸಿಯ ಖರ್ಚು ಆ ವಾರ್ಡಿನ ಕ್ಲೇಮಿನಲ್ಲೇ ಬಂದಿರುತ್ತದೆ. ಇದನ್ನು ತಿಳಿಸಲು ಅಡ್ಮಿಷನ್ ಮೂಲದ ಕಾಲಂನಲ್ಲಿ 'ಡಿ' ಹಾಕಬೇಕು. ಹಾಕದೆ ಜಾಸ್ತಿ ಹಣ ಬಂತು ಎಂದು ಖುಷಿಪಡಬೇಡಿ. ಆಡಿಟ್‌ನಲ್ಲಿ ಸುಲಭವಾಗಿ ಸಿಗುವ ತಪ್ಪು ಇದು, ಹಣ ವಾಪಸ್ ಹೋಗುತ್ತದೆ.

## ಹಂತ 7: ಇಸಿಟಿ ಇದ್ದರೆ

ವಿದ್ಯುತ್ ಕಂಪನ ಚಿಕಿತ್ಸೆ, ಅಂದರೆ ಇಸಿಟಿ ಕೊಟ್ಟಿದ್ದರೆ ಪ್ರತಿ ಸಲಕ್ಕೂ ಬೇರೆ ಹಣ. 2025ರಲ್ಲಿ ಒಂದಕ್ಕೆ 661.52 ಡಾಲರ್. ಹಿಂದಿನ ವರ್ಷ 385.58 ಇತ್ತು, ಒಮ್ಮೆಲೇ ಏರಿದೆ. ಹಳೆಯ ದರ ಹಾಕಿದ ಹಾಳೆ ಇನ್ನೂ ಓಡಾಡುತ್ತಿದ್ದರೆ ಬಿಸಾಡಿ.

ಇದಕ್ಕೆ ವೇಜ್ ಇಂಡೆಕ್ಸ್ ಹೊಂದಿಕೆ ಮಾಡಬೇಕು. ವಯಸ್ಸು, ಕಾಯಿಲೆ, ದಿನದ ಗುಣಕ ಮುಟ್ಟಿಸಬಾರದು. ನಮ್ಮ ಉದಾಹರಣೆಯಲ್ಲಿ ಒಂದಕ್ಕೆ 609.39, ಎರಡಕ್ಕೆ 1,218.78.

ಕ್ಲೇಮಿನಲ್ಲಿ ರೆವಿನ್ಯೂ ಕೋಡ್ 0901, ಯೂನಿಟ್ ಜಾಗದಲ್ಲಿ ಎಷ್ಟು ಸಲ ಕೊಟ್ಟರೋ ಆ ಸಂಖ್ಯೆ, ಜೊತೆಗೆ ಇಸಿಟಿಯ ಪ್ರೊಸೀಜರ್ ಕೋಡ್. ಪ್ರೊಸೀಜರ್ ಕೋಡ್ ಹಾಕಿ ಯೂನಿಟ್ 1 ಎಂದೇ ಬಿಟ್ಟರೆ ಆರು ಸಲದ ಚಿಕಿತ್ಸೆಗೆ ಒಂದರ ಹಣ ಬರುತ್ತದೆ. ಕ್ಲೇಮ್ ಮಾತ್ರ ಯಾವ ತಕರಾರೂ ಇಲ್ಲದೆ ಪಾಸಾಗಿರುತ್ತದೆ.

ಇಲ್ಲಿಗೆ ಒಟ್ಟು 6,416.43 ಮತ್ತು 1,218.78 ಸೇರಿ 7,635.21 ಡಾಲರ್.

## ಹಂತ 8: ಔಟ್‌ಲೈಯರ್ ನೋಡುವುದು

ಹೆಚ್ಚಿನ ಕ್ಲೇಮುಗಳಿಗೆ ಇದು ಬೇಕಾಗುವುದಿಲ್ಲ. ಬಿಲ್ ವಿಪರೀತ ದೊಡ್ಡದಿದ್ದರೆ ಮಾತ್ರ.

ಆಸ್ಪತ್ರೆಯ ಬಿಲ್ಲನ್ನು ಅದರ ವೆಚ್ಚದ ಅನುಪಾತದಿಂದ (ಬಿಲ್ಲಿನಲ್ಲಿ ನಿಜವಾದ ಖರ್ಚಿನ ಪಾಲು) ಗುಣಿಸಿ ನಿಜವಾದ ಖರ್ಚು ಅಂದಾಜಿಸಿ. ಬರಬೇಕಾದ ಹಣಕ್ಕೆ 2025ರ ಮಿತಿ 38,110 ಡಾಲರ್ ಸೇರಿಸಿ. ಈ ಮಿತಿಯನ್ನೂ ಹಂತ 4ರಂತೆ ಊರಿಗೆ ಹೊಂದಿಸಿಯೇ ಸೇರಿಸಬೇಕು. ಖರ್ಚು ಅದನ್ನೂ ಮೀರಿದ್ದರೆ, ಮೀರಿದ್ದನ್ನು ದಿನಗಳಿಗೆ ಹಂಚಿ. ಮೊದಲ 9 ದಿನಕ್ಕೆ 80%, 10ನೇ ದಿನದಿಂದ 60%.

12 ದಿನದ ಅಡ್ಮಿಷನ್‌ನಲ್ಲಿ 12,000 ಡಾಲರ್ ಮೀರಿದೆ ಎನ್ನಿ. ದಿನಕ್ಕೆ 1,000. ಒಂಬತ್ತು ದಿನಕ್ಕೆ 7,200, ಉಳಿದ ಮೂರಕ್ಕೆ 1,800. ಸಿಗುವುದು 9,000. ಪೂರ್ತಿ 12,000 ನಿರೀಕ್ಷಿಸಿದವರು ಅಪೀಲ್ ಹಾಕಿ ಸೋಲುತ್ತಾರೆ.

## ಹಂತ 9: ರೋಗಿಯ ಪಾಲು ಕಳೆಯುವುದು

2025ರ ಕ್ಯಾಲೆಂಡರ್ ವರ್ಷದಲ್ಲಿ ಒಳರೋಗಿ ಡಿಡಕ್ಟಿಬಲ್ (ಮೊದಲು ರೋಗಿಯೇ ಕಟ್ಟಬೇಕಾದ ಹಣ) 1,676 ಡಾಲರ್ ಇತ್ತು. ಇದು ವರ್ಷಕ್ಕೊಮ್ಮೆ ಅಲ್ಲ, ಬೆನಿಫಿಟ್ ಪೀರಿಯಡ್‌ಗೊಮ್ಮೆ. ಆಸ್ಪತ್ರೆ, ನರ್ಸಿಂಗ್ ಕೇಂದ್ರ ಎರಡರಿಂದಲೂ ಸತತ 60 ದಿನ ಹೊರಗಿದ್ದರೆ ಮಾತ್ರ ಹೊಸ ಪೀರಿಯಡ್. ಹೋದ ತಿಂಗಳು ಬೇರೆ ಆಸ್ಪತ್ರೆಯಲ್ಲಿ ಕಟ್ಟಿದ್ದರೆ ಈಗ ಮತ್ತೆ ಕಟ್ಟಬೇಕಿಲ್ಲ. ಅದೇ ವರ್ಷ 61ರಿಂದ 90ನೇ ದಿನದವರೆಗೆ ರೋಗಿ ದಿನಕ್ಕೆ 419 ಡಾಲರ್ ಕೊಡಬೇಕಿತ್ತು. ಆಮೇಲೆ ಜೀವಮಾನಕ್ಕೆ 60 ಮೀಸಲು ದಿನಗಳಿವೆ, ಅವಕ್ಕೆ ದಿನಕ್ಕೆ 838 ಇತ್ತು.

ಡಿಡಕ್ಟಿಬಲ್ ಕಳೆದ ಮೇಲೆ ಸೀಕ್ವೆಸ್ಟ್ರೇಷನ್ ಎಂಬ 2% ಕಡಿತ. ಈ ಕ್ರಮ ತಿರುಗಿಸಬೇಡಿ. 7,635.21ರಲ್ಲಿ 1,676 ಕಳೆದರೆ 5,959.21. ಅದರ 2% ಅಂದರೆ 119.18. ಆಸ್ಪತ್ರೆಗೆ ಬರಬೇಕಾದದ್ದು 5,840.03 ಡಾಲರ್.

ರೆಮಿಟ್‌ನಲ್ಲಿ ಡಿಡಕ್ಟಿಬಲ್ 'ಪಿಆರ್ 1', ಕೋಇನ್ಶೂರೆನ್ಸ್ (ರೋಗಿ ದಿನದ ಲೆಕ್ಕದಲ್ಲಿ ಕೊಡುವ ಪಾಲು) 'ಪಿಆರ್ 2', ಈ 2% ಕಡಿತ 'ಸಿಒ 253' ಎಂದು ಕಾಣುತ್ತದೆ. 253ರ ಮೊತ್ತವನ್ನು ರೋಗಿಯ ಬಿಲ್ಲಿಗೆ ಹಾಕುವಂತಿಲ್ಲ. ಮನೋವೈದ್ಯರ ಫೀಸು ಈ ಲೆಕ್ಕದಲ್ಲೇ ಇಲ್ಲ, ಅದು ಪಾರ್ಟ್ ಬಿ (ಮೆಡಿಕೇರ್‌ನಲ್ಲಿ ವೈದ್ಯರ ಫೀಸು ಬರುವ ಭಾಗ) ಕ್ಲೇಮ್.

## ಹಂತ 10: ಲೆಕ್ಕ ಸರಿ, ಹಣ ಮಾತ್ರ ಬಂದಿಲ್ಲ

ಆಗ ದಾಖಲೆ ನೋಡಿ. ಅಡ್ಮಿಷನ್ ಸಮಯದಲ್ಲಿ ವೈದ್ಯರ ದೃಢೀಕರಣ ಇರಬೇಕು. 12ನೇ ದಿನಕ್ಕೆ ಮರುದೃಢೀಕರಣ, ಆಮೇಲೆ ಹೆಚ್ಚೆಂದರೆ 30 ದಿನಕ್ಕೊಮ್ಮೆ. ಮನೋವೈದ್ಯಕೀಯ ಮೌಲ್ಯಮಾಪನ ಅಡ್ಮಿಷನ್ ಆದ 60 ಗಂಟೆಯೊಳಗೆ ಮುಗಿದಿರಬೇಕು. ಪ್ರಗತಿ ಟಿಪ್ಪಣಿ ಮೊದಲ ಎರಡು ತಿಂಗಳು ಕನಿಷ್ಠ ವಾರಕ್ಕೊಮ್ಮೆ.

ಟಿಪ್ಪಣಿ ಇದ್ದರಷ್ಟೇ ಸಾಲದು. "ರೋಗಿ ಶಾಂತವಾಗಿದ್ದಾರೆ, ಊಟ ಮಾಡಿದರು, ಇದೇ ಚಿಕಿತ್ಸೆ ಮುಂದುವರಿಸಿ" ಎಂಬ ಸಾಲೇ ಎಂಟು ದಿನ ಹಾಗೇ ಇದ್ದರೆ ಪರಿಶೀಲಕರು ಕೇಳುವ ಪ್ರಶ್ನೆ ಒಂದೇ: ಮನೆಯಲ್ಲೇ ಇರಬಹುದಿತ್ತಲ್ಲ? ಆಸ್ಪತ್ರೆಯಲ್ಲೇ ಆಗಬೇಕಾದ ಸಕ್ರಿಯ ಚಿಕಿತ್ಸೆ ಏನು ನಡೆಯಿತು ಎಂಬುದು ಟಿಪ್ಪಣಿಯಲ್ಲಿ ಕಾಣಬೇಕು. ಅದು ಕಾಣದ ಕ್ಲೇಮಿಗೆ ಬಿಲ್ಲಿಂಗ್‌ನವರು ಎಷ್ಟು ಒಳ್ಳೆಯ ಅಪೀಲ್ ಪತ್ರ ಬರೆದರೂ ಕಷ್ಟವೇ.

ಗಡುವು ಎರಡಿವೆ. ಕ್ಲೇಮ್ ಸಲ್ಲಿಸಲು ಡಿಸ್ಚಾರ್ಜ್ ಆಗಿ ಒಂದು ವರ್ಷ. ತೀರ್ಮಾನ ಒಪ್ಪದಿದ್ದರೆ ಮೊದಲ ಹಂತದ ಅಪೀಲಿಗೆ ತೀರ್ಮಾನ ಕೈಸೇರಿ 120 ದಿನ. ಕೋಡಿಂಗ್ ಅಥವಾ ಯೂನಿಟ್ ತಪ್ಪಾಗಿದ್ದರೆ ಅಪೀಲ್ ಬೇಡ, ತಿದ್ದಿದ ಕ್ಲೇಮ್ ಕಳಿಸಿ. ಅದು ಬೇಗ ಮುಗಿಯುತ್ತದೆ. ಪ್ರೈಸರ್‌ನ ಉತ್ತರವೂ ನಿಮ್ಮ ಕೈಲೆಕ್ಕವೂ ಹೊಂದಿ, ರೆಮಿಟ್ ಮಾತ್ರ ಬೇರೆ ಹೇಳುತ್ತಿದ್ದರೆ ಮೆಡಿಕೇರ್ ಪರವಾಗಿ ಕ್ಲೇಮ್ ಪಾಸು ಮಾಡುವ ಗುತ್ತಿಗೆದಾರರಿಗೆ ಫೋನ್ ಮಾಡಿ ಕೇಳಬೇಕಾದದ್ದು ಇಷ್ಟೇ: ಅವರ ಕಡತದಲ್ಲಿ ಈ ಆಸ್ಪತ್ರೆಗೆ ಯಾವ ವೇಜ್ ಇಂಡೆಕ್ಸ್, ಯಾವ ವೆಚ್ಚದ ಅನುಪಾತ, ಎಮರ್ಜೆನ್ಸಿ ವಿಭಾಗ ಇದೆ ಎಂದಿದೆಯೋ ಇಲ್ಲ ಎಂದಿದೆಯೋ.